ನಾನು ಹತ್ತದ ಲಿಫ್ಟಿಗೆ ನಾನೇಕೆ ಹಣ ಕೊಡಲಿ?



ಹೆಗ್ಗಡದೇವನಕೋಟೆಯ ಕಡೆ ಸೇವೆ ಸಲ್ಲಿಸುತ್ತಿರುವ ಒಬ್ಬ ಗುರು ಅಪಾರ್ಟ್‌ಮೆಂಟಿನ ಲಿಫ್ಟಿನ ಬಗ್ಗೆ ಬರೆಯಲು ಕುಳಿತಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನಮ್ಮ ಹಳ್ಳಿಗಳಲ್ಲಿ ಮನೆಗೊಂದು ಜಗಲಿ, ಹಿಂದೆ ಹಿತ್ತಿಲು, ಆಚೆ ರಾಗಿಯ ಹೊಲ, ಅದರಾಚೆ ಕಾಡು. ಲಿಫ್ಟಿಗೂ ನಮಗೂ ಏನು ಸಂಬಂಧ? ಆದರೆ ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು, "ಮಗ ಎಲ್ಲಿದ್ದಾನಮ್ಮಾ? ಮಗಳು ಎಲ್ಲಿ?" ಎಂದು ವಿಚಾರಿಸಿ ನೋಡಿ. ಒಬ್ಬರು ಮೈಸೂರು ಎನ್ನುತ್ತಾರೆ, ಇನ್ನೊಬ್ಬರು ಬೆಂಗಳೂರು ಎನ್ನುತ್ತಾರೆ. ಮಕ್ಕಳು ಹೋದ ಕೆಲವು ವರ್ಷಗಳಿಗೆ ವಯಸ್ಸಾದ ತಂದೆತಾಯಿಯೂ ಅವರ ಹಿಂದೆ ಹೋಗುತ್ತಾರೆ. ಎಪ್ಪತ್ತು ವರ್ಷ ಜಗಲಿಯ ಮೇಲೆ ಕುಳಿತು ದಾರಿಹೋಕರನ್ನೆಲ್ಲ ಮಾತನಾಡಿಸಿದವರು ಒಂದು ದಿನ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಮೌನವಾಗಿ ಕುಳಿತಿರುತ್ತಾರೆ. ಆದ್ದರಿಂದ ಇದು ನಮ್ಮ ಕುಟುಂಬಗಳ ವಿಷಯವೇ ಸರಿ. ವಿಶ್ವಾಸದ ವಿಷಯವೂ ಹೌದು.

ಕಳೆದ ತಪಸ್ಸುಕಾಲದಲ್ಲಿ ಒಂದು ಕೆಲಸದ ಮೇಲೆ ನಾನು ಬೆಂಗಳೂರಿಗೆ ಹೋಗಬೇಕಾಯಿತು. ಹೊರಡುವ ಮುನ್ನ ನಮ್ಮ ಧರ್ಮಕೇಂದ್ರದ ಒಬ್ಬರು ಹೇಳಿದರು: "ಫಾದರ್, ನಮ್ಮ ದೊಡ್ಡಮ್ಮ ಫ್ರೇಜರ್ ಟೌನಿನಲ್ಲಿ ಮಗನ ಮನೆಯಲ್ಲಿದ್ದಾರೆ. ಒಂದು ಗಳಿಗೆ ನೋಡಿಕೊಂಡು ಬನ್ನಿ." ನಾನು ಆ ತಾಯಿಯನ್ನು ಚೆನ್ನಾಗಿ ಬಲ್ಲೆ. ಊರಿನಲ್ಲಿದ್ದಾಗ ಜಪಸರದ ಪ್ರಾರ್ಥನೆಗೆ ಯಾರ ಮನೆಯಾದರೂ ಸರಿ, ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದವರು ಅವರೇ.

ವಿಳಾಸ ಹುಡುಕಿಕೊಂಡು ಹೋದೆ. ಮೂವತ್ತು ವರ್ಷಕ್ಕೂ ಹಳೆಯ ಕಟ್ಟಡ. ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ ನಾಲ್ಕರಂತೆ ಹದಿನಾರು ಮನೆಗಳು. ಲಿಫ್ಟಿನ ಬಾಗಿಲಿಗೆ ಒಂದು ಹಗ್ಗ ಕಟ್ಟಿ, 'ಕೆಟ್ಟಿದೆ' ಎಂದು ಬರೆದ ರಟ್ಟನ್ನು ತೂಗುಹಾಕಿದ್ದರು. ರಟ್ಟಿನ ಮೇಲಿನ ಧೂಳು ನೋಡಿದರೆ ಅದು ನಿನ್ನೆ ಮೊನ್ನೆ ಬರೆದದ್ದಲ್ಲವೆಂದು ತಿಳಿಯುತ್ತಿತ್ತು. ಮೆಟ್ಟಿಲು ಹತ್ತಿ ಮೂರನೆಯ ಮಹಡಿ ತಲಪುವಷ್ಟರಲ್ಲಿ ನನಗೇ ಏದುಸಿರು ಬಂದಿತ್ತು. ಆ ತಾಯಿ ನನ್ನನ್ನು ಕಂಡು ಕಣ್ಣೀರು ಹಾಕಿದರು. "ಸ್ವಾಮಿ, ನೆಲ ತುಳಿದು ನಾಲ್ಕು ತಿಂಗಳಾಯ್ತು. ಇಲ್ಲಿಂದ ಗುಡಿ ಗಂಟೆ ಕೇಳ್ತದೆ, ಹೋಗಕ್ಕೆ ಮಾತ್ರ ಆಗಕಿಲ್ಲ" ಎಂದರು. ಅವರ ಎರಡೂ ಮೊಣಕಾಲು ಸವೆದಿವೆ. ಸ್ಥಳೀಯ ಧರ್ಮಕೇಂದ್ರದಿಂದ ತಿಂಗಳಿಗೊಮ್ಮೆ ಪರಮಪ್ರಸಾದ ಮನೆಗೆ ಬರುತ್ತಿತ್ತು. ಆದರೆ ಜನರ ನಡುವೆ ನಿಂತು ಪೂಜೆಯಲ್ಲಿ ಭಾಗವಹಿಸಿದ ಹಾಗೆ ಅದಾಗುತ್ತದೆಯೇ?

ಮಗ ಕಥೆಯನ್ನು ವಿವರಿಸಿದ. ಲಿಫ್ಟು ಹಳೆಯದು, ಬಿಡಿಭಾಗ ಸಿಗುವುದಿಲ್ಲ, ಹೊಸದನ್ನೇ ಹಾಕಿಸಬೇಕು. ಲಕ್ಷಗಳ ಲೆಕ್ಕ. ಅಸೋಸಿಯೇಷನ್ ಸಭೆ ಕರೆದರೆ ನೆಲಮಹಡಿಯ ನಾಲ್ಕು ಮನೆಯವರೂ ಒಂದೇ ಮಾತು ಹೇಳಿದರಂತೆ: "ನಾವು ಹತ್ತದ ಲಿಫ್ಟಿಗೆ ನಾವೇಕೆ ಹಣ ಕೊಡಬೇಕು?" ಮೊದಲನೆಯ ಮಹಡಿಯ ಒಬ್ಬರು, ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ದನಿಗೂಡಿಸಿದರಂತೆ. ಸಭೆ ಜಗಳದಲ್ಲಿ ಮುಗಿಯಿತು. "ಅವರಲ್ಲಿ ನಮ್ಮ ದೇವಾಲಯಕ್ಕೇ ಬರುವ ಒಂದು ಕುಟುಂಬವೂ ಇದೆ ಫಾದರ್. ಎಂಥ ಕ್ರೈಸ್ತರು ಇವರು?" ಎಂದು ಕೇಳಿದ. ಪ್ರಿಯರೇ, ಒಪ್ಪಿಕೊಳ್ಳುತ್ತೇನೆ, ನನಗೂ ಸಿಟ್ಟು ಬಂತು. ಕೆಳಗಿಳಿದು ಹೋಗುವಾಗ ಅವರ ಬಾಗಿಲು ತಟ್ಟಿ ಎರಡು ಮಾತು ಹೇಳಿಯೇ ಹೋಗಬೇಕೆಂದು ಮನಸ್ಸಿನಲ್ಲೇ ಉಪದೇಶ ಸಿದ್ಧ ಮಾಡಿಕೊಂಡೆ. ಆ ಉಪದೇಶ ಏನಾಯಿತೆಂದು ಆಮೇಲೆ ಹೇಳುತ್ತೇನೆ.

ಅದಕ್ಕೂ ಮೊದಲು ಆ ಬಡಾವಣೆಯ ಬಗ್ಗೆ ಒಂದು ಮಾತು. ಫ್ರೇಜರ್ ಟೌನ್ ಇಂದು ಪುಲಿಕೇಶಿನಗರವೆಂದೂ ಕರೆಸಿಕೊಳ್ಳುತ್ತದೆ. ಅದು ಬೆಂಗಳೂರು ದಂಡು ಪ್ರದೇಶದ ಹಳೆಯ ಭಾಗ. ಸಂತ ಫ್ರಾನ್ಸಿಸ್ ಝೇವಿಯರರ ಪ್ರಧಾನಾಲಯ ಅಲ್ಲಿಂದ ದೂರವಿಲ್ಲ. ಈ ಬಡಾವಣೆ ಹುಟ್ಟಿದ್ದು ಒಂದು ದೊಡ್ಡ ದುಃಖದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು. ಉಳಿದವರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆ ನೋವಿನ ಪಾಠ ಕಲಿತ ಮೇಲೆ, ಪ್ಲೇಗು ನುಸುಳದಂತೆ ಅಗಲವಾದ ರಸ್ತೆಗಳನ್ನೂ ಗಾಳಿಯಾಡುವ ಮನೆಗಳನ್ನೂ ಯೋಜಿಸಿ 1910ರಲ್ಲಿ ಆರಂಭಿಸಿದ ಬಡಾವಣೆ ಇದು. ಪ್ಲೇಗು ಕಲಿಸಿದ ಪಾಠ ಏನು? ನೆರೆಮನೆಯ ಇಲಿ ನೆರೆಮನೆಯದಷ್ಟೇ ಅಲ್ಲ ಎಂಬುದು. ಪಕ್ಕದವನ ಚರಂಡಿ ಕಟ್ಟಿಕೊಂಡರೆ ಸಾವು ನನ್ನ ಬಾಗಿಲಿಗೂ ಬರುತ್ತದೆ. ತಾನೊಬ್ಬನೇ ಶುಚಿಯಾಗಿದ್ದು ಬದುಕುತ್ತೇನೆ ಎಂದುಕೊಂಡವನನ್ನು ಪ್ಲೇಗು ಬಿಡಲಿಲ್ಲ.

ಕಾಲ ಉರುಳಿತು. ಆ ಭಾಗದ ಹಂಚಿನ ಬಂಗಲೆಗಳು ಒಂದೊಂದಾಗಿ ಉರುಳಿ, ಒಂದು ಕುಟುಂಬವಿದ್ದ ಜಾಗದಲ್ಲಿ ಹದಿನಾರು, ಇಪ್ಪತ್ತು ಕುಟುಂಬಗಳ ಕಟ್ಟಡಗಳೆದ್ದವು. ಬಂಗಲೆಯಲ್ಲಿದ್ದವನಿಗೆ ತನ್ನ ಬಾವಿ, ತನ್ನ ಗೋಡೆ, ತನ್ನ ಗೇಟು. ಈ ಹದಿನಾರು ಮನೆಗಳಿಗೆ ಸಂಪು ಒಂದು, ತಾರಸಿ ಒಂದು, ಮೆಟ್ಟಿಲು ಒಂದು, ಒಳಚರಂಡಿ ಒಂದು. ಬದುಕು ಹಿಂದೆಂದಿಗಿಂತ ಹೆಚ್ಚು ಒಂದಕ್ಕೊಂದು ಹೆಣೆದುಕೊಂಡಿದೆ. ಆದರೆ ಮನಸ್ಸು ಮಾತ್ರ ಇನ್ನೂ ಬಂಗಲೆಯಲ್ಲೇ ಇದೆ.

ಇದನ್ನು ಸರ್ಕಾರದ ಕಾನೂನೂ ಗುರುತಿಸಿತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯನ್ನು ನಾನು ಊರಿಗೆ ಹಿಂದಿರುಗಿದ ಮೇಲೆ ತರಿಸಿ ಓದಿದೆ. ಕಾನೂನಿನ ಪುಸ್ತಕದಲ್ಲಿ ಇಷ್ಟು ಆತ್ಮಶೋಧನೆಗೆ ವಿಷಯವಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಪಾರ್ಟ್‌ಮೆಂಟ್ ಕೊಂಡವನಿಗೆ ಎರಡು ಬಗೆಯ ಒಡೆತನ ಸಿಗುತ್ತದೆ ಎನ್ನುತ್ತದೆ ಆ ಕಾಯಿದೆ. ತನ್ನ ಮನೆಯ ನಾಲ್ಕು ಗೋಡೆಯೊಳಗೆ ಅವನೊಬ್ಬನೇ ಒಡೆಯ. ಅದರ ಜೊತೆಗೆ ನೆಲ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳು, ಛಾವಣಿ, ಮೆಟ್ಟಿಲು, ಲಿಫ್ಟು, ನೀರಿನ ತೊಟ್ಟಿ, ಪಂಪು ಇವೆಲ್ಲದರಲ್ಲೂ ಅವನಿಗೆ ಪಾಲಿದೆ. ಆದರೆ ಅದು ಭಾಗ ಮಾಡಲಾಗದ ಪಾಲು. ಹೊಲವನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಂಡಂತೆ ಮೆಟ್ಟಿಲನ್ನು ಭಾಗ ಮಾಡಿ, 'ಈ ಎರಡು ಮೆಟ್ಟಿಲು ನನ್ನದು' ಎನ್ನುವಂತಿಲ್ಲ. ಇನ್ನೂ ಒಂದು ಮಾತಿದೆ. ಸಾಮಾನ್ಯ ಸೌಕರ್ಯವನ್ನು ನಾನು ಬಳಸುವುದಿಲ್ಲ, ನನಗೆ ಅದು ಬೇಡ ಎಂದು ಹೇಳಿ ಯಾವ ಮಾಲೀಕನೂ ತನ್ನ ಪಾಲಿನ ಖರ್ಚಿನಿಂದ ಬಿಡಿಸಿಕೊಳ್ಳುವಂತಿಲ್ಲ. ನೆಲಮಹಡಿಯವರ ಪ್ರಶ್ನೆಗೆ ಕಾನೂನಿನ ಉತ್ತರ ಇದು. ಆ ಪಟ್ಟಿಯಲ್ಲಿ ನನ್ನ ಗಮನ ಸೆಳೆದ ಇನ್ನೊಂದು ಸಂಗತಿ: ಕಟ್ಟಡವನ್ನು ನೋಡಿಕೊಳ್ಳುವ ಕೆಲಸಗಾರರ ವಸತಿಯೂ ಸಾಮಾನ್ಯ ಸೌಕರ್ಯಗಳಲ್ಲಿ ಸೇರಿದೆ. ವಾಚ್‌ಮನ್ ಮಲಗುವ ಕೋಣೆ ಹೇಗಿದೆ ಎಂಬುದೂ ಹದಿನಾರು ಮನೆಯವರಿಗೂ ಸೇರಿದ ವಿಷಯ ಎಂದಾಯಿತು.

ಗುರುಮಠದಲ್ಲಿ ನಮಗೆ ಸಂತ ಥಾಮಸ್ ಅಕ್ವಿನಾಸರನ್ನು ಪಾಠ ಮಾಡುತ್ತಿದ್ದರು. ಹದಿಮೂರನೆಯ ಶತಮಾನದ ಈ ಮಹಾಜ್ಞಾನಿ ಆಸ್ತಿಯ ವಿಷಯದಲ್ಲಿ ಎರಡು ಮಾತು ಹೇಳಿದ್ದಾರೆ. ಒಂದು, ಮನುಷ್ಯ ತನ್ನದೆಂದು ಆಸ್ತಿಯನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಏಕೆಂದರೆ ತನ್ನದನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಎಲ್ಲರಿಗೂ ಸೇರಿದ್ದನ್ನು ಒಬ್ಬರ ಮೇಲೊಬ್ಬರು ಬಿಟ್ಟು ಸುಮ್ಮನಾಗುತ್ತಾರೆ. ಧೂಳು ಹಿಡಿದ ಆ ರಟ್ಟನ್ನು ನೋಡಿದಾಗ ನನಗೆ ಇದೇ ನೆನಪಾಯಿತು. ಎರಡನೆಯದು, ಆಸ್ತಿ ನನ್ನದಾದರೂ ಅದರ ಬಳಕೆಯ ವಿಷಯಕ್ಕೆ ಬಂದಾಗ ಅದನ್ನು ನನಗೆ ಮಾತ್ರ ಸೇರಿದ್ದೆಂದು ಭಾವಿಸಬಾರದು, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಾಗಿರಬೇಕು. 1987ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ತಮ್ಮ ವಿಶ್ವಪತ್ರದಲ್ಲಿ ಒಗ್ಗಟ್ಟಿನ ಸದ್ಗುಣವನ್ನು ವಿವರಿಸುವಾಗ, ಅದು ಬರಿಯ ಅಯ್ಯೋ ಪಾಪ ಎನ್ನುವ ಮರುಕವಲ್ಲ, ಎಲ್ಲರೂ ಎಲ್ಲರಿಗೂ ಹೊಣೆ ಎಂದು ತಿಳಿದು ಸರ್ವರ ಹಿತಕ್ಕಾಗಿ ಮಾಡುವ ದೃಢ ನಿರ್ಧಾರ ಎಂದು ಬೋಧಿಸಿದರು. ಅಜ್ಜಿಗೆ ಪಾಪ ಕಾಲು ನೋವು ಎನ್ನುವುದು ಮರುಕ. ಸಭೆಗೆ ಬಂದು ಕೈ ಎತ್ತಿ, ನನ್ನ ಪಾಲು ಕೊಡುತ್ತೇನೆ ಎನ್ನುವುದು ಒಗ್ಗಟ್ಟು.

ಮಹಡಿ ಮನೆಗಳು ನಮ್ಮ ಧರ್ಮಸಭೆಗೆ ಹೊಸತೂ ಅಲ್ಲ. ಆದಿಕಾಲದ ಕ್ರೈಸ್ತರಿದ್ದ ರೋಮ್ ನಗರದಲ್ಲಿ ಸಾಮಾನ್ಯ ಜನರು ವಾಸಿಸುತ್ತಿದ್ದುದು ನಾಲ್ಕೈದು ಅಂತಸ್ತಿನ ಬಾಡಿಗೆ ಕಟ್ಟಡಗಳಲ್ಲಿ. ರೋಮಿನ ಬಂದರಾಗಿದ್ದ ಓಸ್ತಿಯಾದಲ್ಲಿ ಅಂಥ ಕಟ್ಟಡಗಳ ಅವಶೇಷಗಳು ಇಂದಿಗೂ ಕಾಣಸಿಗುತ್ತವೆ. ಪ್ರೇಷಿತರ ಕಾರ್ಯಕಲಾಪಗಳ 20ನೆಯ ಅಧ್ಯಾಯವನ್ನು ತೆರೆದು ನೋಡಿ. ತ್ರೋವ ಎಂಬ ಪಟ್ಟಣದಲ್ಲಿ ಭಕ್ತರು ರೊಟ್ಟಿ ಮುರಿಯಲು ಸೇರಿದ್ದು ಮಹಡಿಯ ಕೋಣೆಯೊಂದರಲ್ಲಿ. ಸಂತ ಪೌಲರ ಉಪದೇಶ ನಡುರಾತ್ರಿಯವರೆಗೂ ನಡೆಯಿತು. ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಉದ್ದವಾಗಿ ಉಪದೇಶ ಮಾಡುವ ನಮ್ಮಂಥ ಗುರುಗಳಿಗೆ ಇದೊಂದು ಎಚ್ಚರಿಕೆ ಎಂದು ನೀವು ನಗಬಹುದು. ಆದರೆ ಮುಂದೆ ನಡೆದದ್ದನ್ನು ಗಮನಿಸಿ. ಪೌಲರು ಮಾತು ನಿಲ್ಲಿಸಿ, ಮೆಟ್ಟಿಲಿಳಿದು ಬಂದು, ಬಿದ್ದವನನ್ನು ತಬ್ಬಿಕೊಂಡರು. ಅವನಲ್ಲಿ ಜೀವವಿದೆ ಎಂದು ಜನರಿಗೆ ಧೈರ್ಯ ಹೇಳಿದರು. ಆಮೇಲೆ ಮತ್ತೆ ಮೇಲೇರಿ ರೊಟ್ಟಿ ಮುರಿದರು. ಕೆಳಗೆ ಒಬ್ಬ ಬಿದ್ದಿರುವಾಗ ಮೇಲೆ ಪೂಜೆ ಮುಂದುವರಿಯಲಿಲ್ಲ.

ಹಳೆಯ ಒಡಂಬಡಿಕೆಯಲ್ಲೂ ಒಂದು ಚಿಕ್ಕ ವಿಧಿಯಿದೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ತಾರಸಿಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದು ಸತ್ತವನ ರಕ್ತಾಪರಾಧ ಆ ಮನೆಯ ಮೇಲಿರುತ್ತದೆ ಎಂಬ ಆಜ್ಞೆ. ಮನೆಯ ಯಜಮಾನನಿಗೆ ತನ್ನ ತಾರಸಿಯ ಅಂಚು ಗೊತ್ತು, ಅವನು ಬೀಳುವುದಿಲ್ಲ. ಆ ಗೋಡೆ ಇರುವುದು ಬಂದವರಿಗಾಗಿ, ಮಕ್ಕಳಿಗಾಗಿ, ಕಣ್ಣು ಕಾಣದ ಮುದುಕರಿಗಾಗಿ. ತನಗೆ ಬೇಕಿಲ್ಲದ ಗೋಡೆಯನ್ನು ತನ್ನ ಖರ್ಚಿನಲ್ಲಿ ಕಟ್ಟು ಎಂದು ದೇವರು ಹೇಳುತ್ತಾರೆ. ನಾನು ಹತ್ತದ ಲಿಫ್ಟಿಗೆ ನಾನೇಕೆ ಹಣ ಕೊಡಲಿ ಎಂಬ ಪ್ರಶ್ನೆಗೆ ಉತ್ತರ ಮೋಶೆಯ ಕಾಲದಲ್ಲೇ ಸಿಕ್ಕಿತ್ತು.

ಈಗ ಆ ಮಧ್ಯಾಹ್ನಕ್ಕೆ ಮರಳೋಣ. ಅಂದು ಆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮಗ ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ಕೆಳಗಿನಿಂದ ವಾಚ್‌ಮನ್ ಬಂದ. ಇನ್ನಿಬ್ಬರು ಬೇಕು. ನಾನೊಬ್ಬ ನಿಂತೆ. ನಾಲ್ಕನೆಯವರಿಗಾಗಿ ಯಾರನ್ನು ಕೂಗುವುದೆಂದು ನೋಡುತ್ತಿರುವಾಗ, ಸದ್ದು ಕೇಳಿ ಒಬ್ಬ ಕಾಲೇಜು ಹುಡುಗ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದು, "ನಾನು ಹಿಡೀತೀನಿ ಅಂಕಲ್" ಎಂದ. ನಾಲ್ವರೂ ಕುರ್ಚಿಯ ಒಂದೊಂದು ಕಾಲು ಹಿಡಿದು ಇಳಿಯತೊಡಗಿದೆವು.

ಎರಡನೆಯ ಮಹಡಿಯಲ್ಲಿ ಉಸಿರಾಡಲು ಕುರ್ಚಿ ಇಳಿಸಿದಾಗ ಆ ತಾಯಿ ಒಂದು ಬಾಗಿಲನ್ನು ನೋಡಿ, "ಇದು ಯಾರ ಮನೆಯಪ್ಪ?" ಎಂದರು. ಮಗ, "ಯಾರೋ ಬ್ಯಾಂಕಿನವರು ಅವ್ವ" ಎಂದ. "ಇದು?" "ಗೊತ್ತಿಲ್ಲ, ಬಾಡಿಗೆಗೆ ಬಂದವರು." ಮೊದಲನೆಯ ಮಹಡಿಯಲ್ಲೂ ಅದೇ ಪ್ರಶ್ನೆ, ಅದೇ ಬಗೆಯ ಉತ್ತರ. ಅವನು ಆ ಕಟ್ಟಡಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಎಲ್ಲ ಬಾಗಿಲುಗಳ ಹೆಸರನ್ನೂ ಕೊನೆಗೆ ಹೇಳಿದವನು ವಾಚ್‌ಮನ್. ಯಾರ ಮನೆಯಲ್ಲಿ ಮಗು ಹುಟ್ಟಿದೆ, ಯಾರ ಯಜಮಾನರಿಗೆ ಸಕ್ಕರೆ ಕಾಯಿಲೆ, ಎಲ್ಲವೂ ಅವನಿಗೆ ಗೊತ್ತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಲಗುವ ಅವನ ಹೆಸರು ಮಾತ್ರ ಆ ಕಟ್ಟಡದಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಕೆಳಗೆ ತಲಪಿದಾಗ ನನ್ನ ಉಪದೇಶ ನೆನಪಾಯಿತು. "ಅಮ್ಮ, ಇವರಲ್ಲಿ ಯಾರ ಮನೆಯವರು ದುಡ್ಡು ಕೊಡುವುದಿಲ್ಲ ಎಂದದ್ದು? ನಾನು ಮಾತನಾಡಿ ನೋಡಲೇ?" ಎಂದೆ. ಅವರು ಕುರ್ಚಿ ಹಿಡಿದಿದ್ದ ಆ ಹುಡುಗನ ಕಡೆ ಕೈ ತೋರಿಸಿದರು. "ಈ ಮಗೀನ ಮನೆ ಸ್ವಾಮಿ." ನಾನು ಮಾತಿಲ್ಲದೆ ನಿಂತೆ. ಆಗ ಅವರು ಮಗನ ಮುಖ ನೋಡಿ ಮೆಲ್ಲಗೆ ಹೇಳಿದರು: "ಅವರ್ನ ಬೈಬೇಡಿ. ಎರಡು ಮಳೆಗಾಲದ ಕೆಳಗೆ ಇವರ ಬಚ್ಚಲಿಗೆ ಚರಂಡಿ ನೀರು ಉಕ್ಕಿ ಬಂತು. ಈ ಹುಡುಗನ ತಾಯಿ ಮೂರು ದಿನ ಬಕೆಟ್ಟಲ್ಲಿ ತೋಡಿ ತೋಡಿ ಚೆಲ್ಲಿದಳು. ಪೈಪು ಹೊಸದಾಗಿ ಹಾಕ್ಸಕ್ಕೆ ದುಡ್ಡು ಕೇಳಿದಾಗ, ನಮ್ಮ ಮನೇಲಿ ಉಕ್ಕಿಲ್ಲ, ನಿಮ್ಮ ಬಚ್ಚಲು ನೀವು ನೋಡ್ಕಳಿ ಅಂತ ಮೇಲಿನೋರೆಲ್ಲ ಹೇಳಿದ್ರು. ಇವನೂ ಹೇಳಿದ. ಅದು ನಮ್ಮ ಮನೆ ನೀರೇ ಅಲ್ವಾ ಸ್ವಾಮಿ, ಕೆಳಗೆ ಹರಿದು ಹೋಗಿದ್ದು?"

ಪ್ರಿಯರೇ, ನಾನು ಸಿದ್ಧ ಮಾಡಿಕೊಂಡ ಉಪದೇಶ ಅಲ್ಲಿಯೇ ಮುಗಿಯಿತು. ಮೇಲಿನವರ ಮನೆಯ ಕೊಳೆ ಕೆಳಗಿನವರ ಮನೆಯಲ್ಲಿ ಉಕ್ಕಿದಾಗ ಮೇಲಿನವರು ಕೈ ತೊಳೆದುಕೊಂಡರು. ಮೇಲಿನವರ ಮುಪ್ಪು ಮಹಡಿಯಲ್ಲಿ ಸೆರೆಯಾದಾಗ ಕೆಳಗಿನವರು ಕೈ ತೊಳೆದುಕೊಂಡರು. ಇಬ್ಬರೂ ಹೇಳಿದ್ದು ಒಂದೇ ಮಾತನ್ನು. ಒಂದು ಕಡೆಯ ಮಾತು ಮಾತ್ರ ಕೇಳಿ ತೀರ್ಪು ಕೊಡಲು ಹೊರಟಿದ್ದ ನಾನೂ ಅಂದು ಪಾಪನಿವೇದನೆಗೆ ಒಂದು ವಿಷಯ ಹೊತ್ತು ಬಂದೆ. ಕಣ್ಣು ಕೈಗೆ, ತಲೆ ಕಾಲಿಗೆ, ನೀನು ನನಗೆ ಬೇಕಿಲ್ಲ ಎಂದು ಹೇಳಲಾಗದೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಹೇಳುತ್ತಾರೆ. ಮೂರನೆಯ ಮಹಡಿ ನೆಲಮಹಡಿಗೂ ಹಾಗೆ ಹೇಳಲಾಗದು. ಕೆಳಗಿನ ಕಂಬ ಕುಸಿದರೆ ಮೇಲಿನ ಮನೆಯಿಲ್ಲ, ಮೇಲಿನ ತಾರಸಿ ಸೋರಿ ಕಬ್ಬಿಣ ತುಕ್ಕು ಹಿಡಿದರೆ ಕೆಳಗಿನ ಮನೆಯೂ ಉಳಿಯದು.

ಆ ತಾಯಿಗೆ ಇದನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಅವರ ತವರು ಹಳ್ಳಿ ಈಗ ಕಬಿನಿಯ ಹಿನ್ನೀರಿನಡಿ ಇದೆ. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ನಮ್ಮ ತಾಲ್ಲೂಕಿನ ಹಳ್ಳಿಗಳು ಮುಳುಗಿದಾಗ ಅವರು ಹರೆಯದ ಹೆಣ್ಣುಮಗಳು. "ಗಾಡಿ ಇದ್ದೋರು ಗಾಡಿ ಇಲ್ಲದೋರ ಸಾಮಾನು ಮೊದಲು ಹೇರಿದ್ರು ಸ್ವಾಮಿ. ಯಾರ ಕೊಡ ಯಾರ ಗಾಡೀಲಿತ್ತೋ" ಎಂದು ಅವರು ಹಿಂದೊಮ್ಮೆ ನನಗೆ ಹೇಳಿದ್ದುಂಟು. ಕಾಡಂಚಿನ ನಮ್ಮ ರೈತರಿಗೂ ಇದು ಗೊತ್ತು. ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಇಳಿಯುತ್ತದೆ. ಅದು ಮೊದಲು ನುಗ್ಗುವುದು ಅಂಚಿನ ಹೊಲಕ್ಕೆ. ನಡುವಿನ ಹೊಲದವನು, ನನ್ನ ಹೊಲಕ್ಕೆ ಬಂದಾಗ ನೋಡೋಣ ಎಂದು ಮನೆಯಲ್ಲಿ ಮಲಗಿದರೆ ಏನಾಗುತ್ತದೆ? ಅಂಚಿನವನ ತೆನೆ ಇಂದು ಹೋಗುತ್ತದೆ, ಅವನದು ನಾಳೆ. ಅದಕ್ಕೇ ಅಟ್ಟಣೆಯ ಮೇಲೆ ಸರದಿಯ ಕಾವಲು. ಈ ವಿವೇಕವನ್ನು ನಮ್ಮ ಮಕ್ಕಳು ಬೆಂಗಳೂರಿಗೆ ಹೋಗುವಾಗ ರಾಗಿ ಹಿಟ್ಟಿನ ಚೀಲದ ಜೊತೆ ಕಟ್ಟಿಕೊಂಡು ಹೋಗಬೇಕಿತ್ತು. ಕಟ್ಟಿಕೊಡಲು ನಾವೇ ಮರೆತೆವೋ ಏನೋ.

ಕುರ್ಚಿ ಹೊತ್ತು ಮೆಟ್ಟಿಲಿಳಿಯುವಾಗ ನನ್ನ ಮನಸ್ಸಿನಲ್ಲಿದ್ದುದು ಮಾರ್ಕನ ಶುಭಸಂದೇಶದ 2ನೆಯ ಅಧ್ಯಾಯ. ಕಫೆರ್ನವುಮಿನ ಆ ಮನೆಯ ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಒಳಗೆ ಹೋಗಲಾರದೆ ಛಾವಣಿ ಹತ್ತಿ, ಅದನ್ನು ತೆರೆದು, ಹಾಸಿಗೆಯನ್ನು ಪ್ರಭು ಯೇಸುವಿನ ಮುಂದೆ ಇಳಿಸಿದರು. ಆ ನಾಲ್ವರಿಗೆ ಏನೂ ಕಾಯಿಲೆ ಇರಲಿಲ್ಲ. ತಮ್ಮ ಕಾಲಿನಿಂದ ತಾವು ನಡೆಯಬಲ್ಲವರು. ಶುಭಸಂದೇಶ ಅವರ ಹೆಸರು ಹೇಳುವುದಿಲ್ಲ, ಅವರು ಒಂದು ಮಾತನ್ನೂ ಆಡುವುದಿಲ್ಲ. ಆದರೆ ಯೇಸು ರೋಗಿಯ ಪಾಪವನ್ನು ಕ್ಷಮಿಸಿದ್ದು ಅವರ ವಿಶ್ವಾಸವನ್ನು ಕಂಡು ಎಂದು ಬರೆದಿದೆ. ಹೊತ್ತವರ ವಿಶ್ವಾಸ ಮಲಗಿದ್ದವನಿಗೆ ದಾರಿಯಾಯಿತು. ಆ ಮನೆಯ ಯಜಮಾನನನ್ನೂ ಒಮ್ಮೆ ನೆನೆಯೋಣ. ಅವನ ಛಾವಣಿ ಹಾಳಾಯಿತು. ಅದನ್ನು ಸರಿಮಾಡಿಸಿದ ಖರ್ಚು ಯಾರು ಕೊಟ್ಟರೋ ಶುಭಸಂದೇಶದಲ್ಲಿಲ್ಲ. ಅವನು ಜಗಳ ತೆಗೆದನೆಂದೂ ಇಲ್ಲ.

ಕಾನೂನು ಒಳ್ಳೆಯದು. ಪಾಲು ಕೊಡದವನಿಂದ ಅದು ಪಾಲು ವಸೂಲಿ ಮಾಡೀತು. ಆದರೆ ಎರಡು ಮೆಟ್ಟಿಲು ಹಾರಿಕೊಂಡು ಬಂದು ಕುರ್ಚಿ ಹಿಡಿಯುವ ಹುಡುಗನನ್ನು ಯಾವ ಕಾನೂನೂ ಹುಟ್ಟಿಸಲಾರದು. ಅವನ ತಂದೆತಾಯಿ ಸಭೆಯಲ್ಲಿ ಇಲ್ಲ ಎಂದಿದ್ದರು, ನಿಜ. ಆದರೆ ಅಂಥ ಮಗನನ್ನು ಬೆಳೆಸಿದವರೂ ಅವರೇ. ನೆರೆಯವನನ್ನು ಒಂದು ಸಭೆಯ ಮಾತಿನಿಂದ ಅಳೆಯಬಾರದೆಂದು ಅಂದು ಕಲಿತೆ.

ಹಾಗಾದರೆ ನಾವೇನು ಮಾಡೋಣ? ಅಪಾರ್ಟ್‌ಮೆಂಟಿನಲ್ಲಿರುವ ನಮ್ಮ ಕುಟುಂಬಗಳಿಗೆ ಕೆಲವು ಮಾತು ಹೇಳಬಯಸುತ್ತೇನೆ. ಹಳ್ಳಿಯಲ್ಲಿರುವ ನೀವು ಇದನ್ನು ಕತ್ತರಿಸಿ ಮಕ್ಕಳಿಗೆ ಕಳುಹಿಸಿದರೆ ಸಂತೋಷ.

ಮೊದಲನೆಯದಾಗಿ, ಈ ವಾರವೇ ನಿಮ್ಮ ಅಂತಸ್ತಿನ ಎಲ್ಲ ಮನೆಯವರ ಹೆಸರು ತಿಳಿದುಕೊಳ್ಳಿ. ವಾಚ್‌ಮನ್ ಮತ್ತು ಮೆಟ್ಟಿಲು ಗುಡಿಸುವ ಹೆಣ್ಣುಮಗಳ ಹೆಸರೂ ಗೊತ್ತಿರಲಿ. ಅವರು ಮಲಗುವ ಕೋಣೆ, ಬಳಸುವ ಶೌಚಾಲಯ ಹೇಗಿದೆ ಎಂದು ಒಮ್ಮೆ ಕಣ್ಣಾರೆ ನೋಡಿ. ನಿಮಗೂ ಅದರಲ್ಲಿ ಪಾಲಿದೆ.

ಎರಡನೆಯದಾಗಿ, ತಿಂಗಳ ಮೇಂಟೆನೆನ್ಸ್ ಹಣವನ್ನು ವಾಯಿದೆಗೆ ಸರಿಯಾಗಿ ಕೊಡಿ. ಇದನ್ನು ಕೇವಲ ಲೆಕ್ಕದ ವಿಷಯವೆಂದು ಭಾವಿಸಬೇಡಿ. ನೀವು ಕೊಡದ ಹಣವನ್ನು ಇನ್ನೊಬ್ಬರು ತುಂಬುತ್ತಿದ್ದಾರೆ, ಅಥವಾ ವಾಚ್‌ಮನ್ನಿನ ಸಂಬಳ ತಡವಾಗುತ್ತಿದೆ. ರಾತ್ರಿಯ ಆತ್ಮಶೋಧನೆಯಲ್ಲಿ ಸೇರಿಸಬೇಕಾದ ವಿಷಯವಿದು.

ಮೂರನೆಯದಾಗಿ, ವಾರ್ಷಿಕ ಸಭೆಗೆ ಹೋಗಿ. ಜಗಳವಾಗುತ್ತದೆ, ನಮಗೇಕೆ ಎಂದು ದೂರ ಉಳಿಯುವ ಭಕ್ತರು ಬಹಳ ಜನ. ಜಗಳವಾಗುವ ಜಾಗದಲ್ಲೇ ಒಬ್ಬ ಶಾಂತಿಪ್ರಿಯ ಬೇಕಾಗಿರುವುದು. ಹೋದಾಗ, ಇದು ನನಗೆ ಉಪಯೋಗವೇ ಎಂದು ಮೊದಲು ಕೇಳಬೇಡಿ. ಇದಿಲ್ಲದಿದ್ದರೆ ಈ ಕಟ್ಟಡದಲ್ಲಿ ಹೆಚ್ಚು ಕಷ್ಟ ಯಾರಿಗೆ ಎಂದು ಕೇಳಿ. ಪಾಲು ಕೊಡಲು ನಿಜಕ್ಕೂ ಕೈಯಲ್ಲಾಗದ ಪಿಂಚಣಿದಾರರೋ ವಿಧವೆಯರೋ ಇದ್ದರೆ, ಅವರ ಮಾನ ಹೋಗದಂತೆ ಕಂತಿನಲ್ಲಿ ಕಟ್ಟುವ ಅನುಕೂಲ ಮಾಡಿಕೊಡಿ. ಉಳ್ಳವರು ಇನ್ನಷ್ಟು ಹೊರಲಿ.

ನಾಲ್ಕನೆಯದಾಗಿ, ಹಳೆಯ ಮನಸ್ತಾಪವಿದ್ದರೆ ಅದರಲ್ಲಿ ನಿಮ್ಮ ಪಾಲು ಎಷ್ಟು ಎಂದು ಮೊದಲು ಲೆಕ್ಕ ಹಾಕಿ. ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು ಹೋಗಿ ಮೊದಲು ಸೋದರನೊಡನೆ ರಾಜಿಯಾಗಬೇಕೆಂದು ಪ್ರಭು ಬೋಧಿಸಿದ್ದಾರೆ. ಆ ಸೋದರನ ಮನೆ ಎರಡು ಮಹಡಿ ಕೆಳಗಿರಬಹುದು.

ಕೊನೆಯದಾಗಿ, ಊರಿನಿಂದ ಬಂದ ತಂದೆತಾಯಿಯನ್ನು ಮನೆಯೊಳಗೇ ಕೂಡಿಹಾಕಬೇಡಿ. ಅವರಿಗೆ ಬೇಕಾದದ್ದು ದೊಡ್ಡ ಟಿ.ವಿ. ಅಲ್ಲ, ಮಾತನಾಡಿಸುವ ನಾಲ್ಕು ಜನ. ಸಂಜೆ ಕೆಳಗೆ ಕರೆತಂದು ಗೇಟಿನ ಬಳಿ ಒಂದು ಕುರ್ಚಿ ಹಾಕಿ ಕೂರಿಸಿ. ತಿಂಗಳೊಳಗೆ ಇಡೀ ಕಟ್ಟಡದ ಸುಖದುಃಖ ಅವರಿಗೆ ತಿಳಿದಿರುತ್ತದೆ. ಜಗಲಿಯ ವಿದ್ಯೆ ಅದು.

ಆ ತಾಯಿಯ ಸುದ್ದಿ ಏನಾಯಿತೆಂದು ನೀವು ಕೇಳಬಹುದು. ಮಗ ಮೌನಿಯಾಗಿ ಕೆಲವು ದಿನ ಕಳೆದನಂತೆ. ಪವಿತ್ರ ವಾರದಲ್ಲಿ ಅವನು ಚರಂಡಿ ಪೈಪಿನ ಹಳೆಯ ಖರ್ಚಿನಲ್ಲಿ ತನ್ನ ಪಾಲೆಷ್ಟೆಂದು ಲೆಕ್ಕ ಹಾಕಿ, ಹಣ ತೆಗೆದುಕೊಂಡು ಕೆಳಗಿನ ಮನೆಗೆ ಹೋದ. ಆ ಹುಡುಗನ ತಾಯಿ ಮೊದಲು ತೆಗೆದುಕೊಳ್ಳಲಿಲ್ಲ. "ಹಣಕ್ಕಲ್ಲ ನಮಗೆ ನೋವಾಗಿದ್ದು" ಎಂದರಂತೆ. ಅವನು ಕ್ಷಮೆ ಕೇಳಿದ ಮೇಲೆ ತೆಗೆದುಕೊಂಡರು. ಮುಂದಿನ ಸಭೆಯಲ್ಲಿ ಮೇಲಿನ ಇನ್ನೂ ಕೆಲವರು ತಮ್ಮ ಹಳೆಯ ಪಾಲು ಕೊಟ್ಟರು. ನೆಲಮಹಡಿಯ ನಾಲ್ವರಲ್ಲಿ ಮೂವರು ಲಿಫ್ಟಿಗೆ ಒಪ್ಪಿದರು. ನಾಲ್ಕನೆಯವರು ಇನ್ನೂ ಒಪ್ಪಿಲ್ಲ. ಅವರ ಮನೆಗೂ ಹೋಗಿ ಬರುತ್ತಿದ್ದಾರೆ. ನಾನಿದನ್ನು ಬರೆಯುವ ಹೊತ್ತಿಗೆ ಹೊಸ ಲಿಫ್ಟು ಬಂದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಆ ಪ್ಲಾಸ್ಟಿಕ್ ಕುರ್ಚಿ ಮೂರನೆಯ ಮಹಡಿಯಿಂದ ಇಳಿಯುತ್ತದೆ. ಹೊರುವವರ ಸರದಿಯ ಪಟ್ಟಿಯೊಂದನ್ನು ಹುಡುಗರೇ ಮಾಡಿದ್ದಾರೆ. ಪಾಸ್ಕ ಹಬ್ಬದ ಪೂಜೆಗೆ ಹೋಗಿ ಬಂದ ಆ ತಾಯಿ ನನಗೆ ಫೋನು ಮಾಡಿ, "ಸ್ವಾಮಿ, ಈಗ ನನಗೆ ಹನ್ನೆರಡು ಮನೆ ಹೆಸರು ಗೊತ್ತು, ಇನ್ನು ನಾಲ್ಕು ಬಾಕಿ" ಎಂದರು.

ಪ್ರಾರ್ಥಿಸೋಣ: ನಜರೇತಿನ ಚಿಕ್ಕ ಮನೆಯಲ್ಲಿ ನೆರೆಹೊರೆಯವರ ನಡುವೆ ಬಾಳಿದ ಪ್ರಭು ಯೇಸುವೇ, ಒಂದೇ ಛಾವಣಿಯ ಕೆಳಗೆ, ಒಂದೇ ನೀರು ಕುಡಿದು, ಒಂದೇ ಮೆಟ್ಟಿಲು ತುಳಿಯುವ ನಮ್ಮನ್ನು ಆಶೀರ್ವದಿಸು. ನಮ್ಮ ಮನೆಯಿಂದ ಹರಿದ ಕೊಳೆ ಯಾರ ಮನೆಯಲ್ಲಿ ಉಕ್ಕಿದೆಯೆಂದು ನೋಡುವ ಕಣ್ಣು ಕೊಡು. ನಮಗೆ ಬೇಕಿಲ್ಲದ ಭಾರವನ್ನೂ ಇನ್ನೊಬ್ಬರಿಗಾಗಿ ಹೊರುವ ಹೆಗಲು ಕೊಡು. ಮಹಡಿಗಳಲ್ಲಿ ಒಂಟಿಯಾಗಿರುವ ನಮ್ಮ ಹಿರಿಯರ ಬಳಿ ನಾವು ತಲಪುವವರೆಗೂ ನೀನೇ ಜೊತೆಗಿರು. ಆಮೆನ್.